ತೋಟದ ಹಸಿರು ಅಚ್ಚಿನಲ್ಲಿ ಏಕೆ ಸಾಯುತ್ತದೆ? ಮಕ್ಕಳ ಪುಸ್ತಕಕ್ಕೆ ಡಿಜಿಟಲ್ ಚಿತ್ರ ಬರೆಯುವವರು ದಯವಿಟ್ಟು ಹೇಳಿ

ಹೊಸಲೈನ್ ರಸ್ತೆ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಹುಟ್ಟುಹಬ್ಬದ ಬ್ಯಾನರು, ಗೃಹಪ್ರವೇಶದ ಸ್ವಾಗತ ಫಲಕ, ಚುನಾವಣೆ ಬಂದರೆ ಹಗಲೂ ರಾತ್ರಿ ಮುಖಂಡರ ಮುಖಗಳು. ಚಿತ್ರ ಬರೆಯುವ ಹುಚ್ಚು ಶಾಲೆಯಿಂದಲೂ ಇದೆ. ಈಗ ಸಣ್ಣ ಪ್ರಕಾಶಕರೊಬ್ಬರು ಮಕ್ಕಳ ಕಥೆಯೊಂದಕ್ಕೆ ಚಿತ್ರ ಬರೆದುಕೊಡಲು ಕೇಳಿದ್ದಾರೆ. ಕಾಫಿ ತೋಟದ ಲೈನ್ ಮನೆಯ (ಕೂಲಿಕಾರರ ಸಾಲುಮನೆ) ಹುಡುಗಿ ಮತ್ತು ಒಂದು ಕೆಂದಳಿಲಿನ ಕಥೆ. 8×10 ಇಂಚು, 24 ಪುಟ, ಸೆಂಟರ್ ಪಿನ್ (ಹಾಳೆಗಳನ್ನು ಮಡಿಸಿ ನಡುವೆ ಪಿನ್ ಹೊಡೆಯುವುದು), ರಕ್ಷಾಪುಟ ಬೇರೆ.

ನನ್ನ ಬಳಿ ಇರುವುದು ತೆರೆಯಿಲ್ಲದ ಪೆನ್ ಟ್ಯಾಬ್ಲೆಟ್ ಮತ್ತು 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್. ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ ಸಾಕೇ, ಸಾಲ ಮಾಡಿಯಾದರೂ ಐಪ್ಯಾಡ್ ಕೊಳ್ಳಬೇಕೇ? ಮಾದರಿಗೆಂದು ಒಂದು ಚಿತ್ರ ಬರೆದು ಕಲರ್ ಪ್ರಿಂಟ್ ತೆಗೆಸಿದೆ. ತೆರೆಯ ಮೇಲೆ ಮಿಂಚುತ್ತಿದ್ದ ಹಸಿರೆಲ್ಲ ಕಾಗದದ ಮೇಲೆ ಪಾಚಿಯ ಬಣ್ಣಕ್ಕೆ ತಿರುಗಿದೆ. ಏಕೆ? ಎಷ್ಟು ಹಣ ಕೇಳಬೇಕು? ಈ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಲೇಬೇಕೇ? ತಿಳಿದವರು ಹೇಳಿ.

ದಿನಕ್ಕೊಂದು ಚಿತ್ರ, ಬೆಂಗಳೂರು

ಐಪ್ಯಾಡ್ ಕೊಂಡುಬಿಡಿ, ಪ್ರೊಕ್ರಿಯೇಟ್ ಆ್ಯಪ್ ಹಾಕಿಕೊಳ್ಳಿ. ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತಿಂಗಳ ಚಂದಾ ಇಲ್ಲ. ಬ್ರಷ್‌ಗಳ ಕಂತೆ ಬೇಕಿದ್ದರೆ ನಾನು ಕಳುಹಿಸುತ್ತೇನೆ.

ಗಿರಿತಪ್ಪಲಿನ ಕುಂಚ, ಚಿಕ್ಕಮಗಳೂರು

ಸಾಲ ಬೇಡಮ್ಮ. ಮೊದಲ ಪುಸ್ತಕದ ಸಂಭಾವನೆ ಕಂತು ಕಟ್ಟುವುದಕ್ಕೇ ಹೋದರೆ ಎರಡನೆಯ ಪುಸ್ತಕ ಬರೆಯುವ ಉತ್ಸಾಹ ಉಳಿಯುವುದಿಲ್ಲ. ಪ್ರೊಕ್ರಿಯೇಟ್ ಒಳ್ಳೆಯ ಸಾಧನವೇ, ಜಗಳವಿಲ್ಲ. ಆದರೆ ಅದು ಆಪಲ್ ಸಾಧನಗಳಲ್ಲಿ ಮಾತ್ರ ನಡೆಯುತ್ತದೆ, ಕ್ಯಾನ್ವಾಸ್ ದೊಡ್ಡದಾದಷ್ಟೂ ಪದರಗಳ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥವು) ಸಂಖ್ಯೆಗೆ ಕತ್ತರಿ ಬೀಳುತ್ತದೆ. ಕ್ರಿಟಾ ಉಚಿತ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ, ಅಚ್ಚಿನ ನಾಲ್ಕು ಬಣ್ಣಗಳ ಲೆಕ್ಕ ಅದಕ್ಕೆ ಗೊತ್ತಿದೆ. ತೆರೆಯಿಲ್ಲದ ಟ್ಯಾಬ್ಲೆಟ್ ಎಂದು ಕೀಳರಿಮೆ ಬೇಡ. ಕೈ ಕೆಳಗೆ, ಕಣ್ಣು ಎದುರಿಗೆ ಇರುವುದರಿಂದ ಕತ್ತು ಬಗ್ಗುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇದರ ಬೆಲೆ ತಿಳಿಯುವುದಿಲ್ಲ, ನಲವತ್ತು ದಾಟಿದ ಮೇಲೆ ತಿಳಿಯುತ್ತದೆ.

ಈಗ ಲೆಕ್ಕ. ನಿಮ್ಮ ಜೋಡಿಪುಟ 16×10 ಇಂಚು. ಇಂಚಿಗೆ 300 ಚುಕ್ಕೆಯಂತೆ 4800×3000. ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಭಾಗ, ಸೇರಿಸಿದರೆ ಪ್ರತಿ ಬದಿಗೆ ಸುಮಾರು 35 ಚುಕ್ಕೆ, ಅಲ್ಲಿಗೆ 4870×3070. ಒಟ್ಟು ಒಂದೂವರೆ ಕೋಟಿ ಚುಕ್ಕೆಗಳು. ಬಣ್ಣ ತುಂಬಿದ ಒಂದು ಪದರವೇ ಸುಮಾರು 60 ಎಂಬಿ ನೆನಪನ್ನು ಹಿಡಿದುಕೊಳ್ಳುತ್ತದೆ. 8 ಜಿಬಿಯ ಯಂತ್ರದಲ್ಲಿ ನಲವತ್ತು ಪದರ ಇಟ್ಟುಕೊಂಡು ಕುಳಿತರೆ ಪೆನ್ನು ಗೆರೆ ಎಳೆದ ಮೇಲೆ ತೆರೆ ಅದನ್ನು ನಿಧಾನವಾಗಿ ನೆನಪಿಸಿಕೊಳ್ಳುತ್ತದೆ. ಆದ್ದರಿಂದ ಕರಡನ್ನೂ ಬಣ್ಣದ ಯೋಜನೆಯನ್ನೂ ಕಾಲುಭಾಗ ಅಳತೆಯಲ್ಲಿ ಮುಗಿಸಿ, ಒಪ್ಪಿಗೆಯಾದ ಮೇಲೆ ಮಾತ್ರ ಪೂರ್ಣ ಅಳತೆಗೆ ಹಿಗ್ಗಿಸಿ. ಹಿನ್ನೆಲೆ ಮುಗಿದರೆ ಅದರ ಪದರಗಳನ್ನು ಒಂದುಗೂಡಿಸಿ, ಬೇರೆ ಹೆಸರಿನ ಪ್ರತಿಯನ್ನು ಉಳಿಸಿಟ್ಟುಕೊಳ್ಳಿ.

ನೀವು ಫ್ಲೆಕ್ಸ್ ಕೆಲಸದವರು, ಒಂದು ಅಭ್ಯಾಸ ಬಿಡಬೇಕಾಗುತ್ತದೆ. ಬ್ಯಾನರನ್ನು ರಸ್ತೆಯ ಆಚೆ ಬದಿಯಿಂದ ನೋಡುತ್ತಾರೆ, ಚುಕ್ಕೆ ಒಡೆದರೂ ಯಾರಿಗೂ ಕಾಣುವುದಿಲ್ಲ. ಪುಸ್ತಕವನ್ನು ಮಗು ಗೇಣು ದೂರದಲ್ಲಿಟ್ಟು, ಬೆರಳಿನಿಂದ ಮುಟ್ಟಿ ನೋಡುತ್ತದೆ.

ಹಸಿರಿನ ಮಾತು ದೊಡ್ಡದು, ಸಂಜೆ ಬರೆಯುತ್ತೇನೆ. ಈಗ ಕರೆಂಟು ಹೋಗುವ ಸೂಚನೆ ಇದೆ.

ಮೂಡಿಗೆರೆ ರೋಬಸ್ಟಾ

ಚಿತ್ರಕಲೆ ನನಗೆ ಗೊತ್ತಿಲ್ಲ, ತೋಟ ಗೊತ್ತು. ಒಂದೇ ಬಿನ್ನಹ: ಒಂದೇ ರೆಂಬೆಯ ಮೇಲೆ ಬಿಳಿ ಹೂವನ್ನೂ ಕೆಂಪು ಹಣ್ಣನ್ನೂ ಬರೆಯಬೇಡಿ. ಹೂಮಳೆ ಬಿದ್ದು ಕಾಫಿ ಅರಳುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಅರೇಬಿಕಾ ಹಣ್ಣಾಗಿ ಕೊಯ್ಲಿಗೆ ಬರುವುದು ನವೆಂಬರ್‌ನಿಂದ, ರೋಬಸ್ಟಾ ಇನ್ನೂ ತಡ. ಕ್ಯಾಲೆಂಡರ್ ಚಿತ್ರಗಳಲ್ಲಿ ಎರಡನ್ನೂ ಒಟ್ಟಿಗೆ ನೋಡಿ ನಮ್ಮ ಮನೆಯ ಮಕ್ಕಳೇ ನಗುತ್ತಾರೆ.

ಕೆಂದಳಿಲನ್ನು ಬರೆಯುವವರೂ ಮನೆಯಂಗಳದ ಅಳಿಲನ್ನೇ ದೊಡ್ಡದು ಮಾಡಿಬಿಡುತ್ತಾರೆ. ಬೆನ್ನಿನ ಮೇಲೆ ಪಟ್ಟೆ ಇರುವುದು ಅಂಗಳದ ಅಳಿಲಿಗೆ. ಕೆಂದಳಿಲಿಗೆ ಪಟ್ಟೆಯಿಲ್ಲ. ಬೆನ್ನು ಕಡುಗೆಂಪು, ಕಪ್ಪು, ಹೊಟ್ಟೆ ಕೆನೆಬಣ್ಣ, ಬಾಲ ಮೈಗಿಂತ ಉದ್ದ. ಅದು ನೆಲಕ್ಕೆ ಇಳಿಯುವುದು ಅಪರೂಪ, ಮರದಿಂದ ಮರಕ್ಕೆ ಹಾರಿಕೊಂಡೇ ಹೋಗುತ್ತದೆ. ಹುಡುಗಿಯ ಪಕ್ಕದಲ್ಲಿ ಕೂರಿಸಿ ಕಡಲೆಕಾಯಿ ತಿನ್ನಿಸಬೇಡಿ.

ಹೊಸಲೈನ್ ರಸ್ತೆ, ಹಾಸನ

ಸರ್, ಕಥೆಯಲ್ಲಿ ಹುಡುಗಿ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ (ತಲೆಯಿಂದ ಬೆನ್ನಿಗೆ ಇಳಿಯುವ ಮಳೆಹೊದಿಕೆ) ಹಾಕಿಕೊಂಡು ಮೊದಲ ಸಲ ಕೆಂದಳಿಲನ್ನು ನೋಡುತ್ತಾಳೆ. ಕೊಯ್ಲಿನ ಹೊತ್ತಿಗೆ ಕಥೆ ಮುಗಿಯುತ್ತದೆ. ನಾನು ಎಲ್ಲ ಪುಟಗಳಲ್ಲೂ ಕೆಂಪು ಹಣ್ಣು ಬರೆಯಲು ಹೊರಟಿದ್ದೆ! ಅಳಿಲು ಮೇಲಿದ್ದರೆ ಇಬ್ಬರನ್ನೂ ಒಂದೇ ಪುಟದಲ್ಲಿ ತೋರಿಸುವುದು ಹೇಗೆ ಎಂಬುದು ಈಗ ಹೊಸ ಚಿಂತೆ.

ಗಿರಿತಪ್ಪಲಿನ ಕುಂಚ, ಚಿಕ್ಕಮಗಳೂರು

ಚಿಂತೆಯಲ್ಲ, ಅದೃಷ್ಟ. ಪುಸ್ತಕ ಎತ್ತರದ ಆಕಾರದ್ದು. ಹುಡುಗಿಯನ್ನು ಕೆಳ ಮೂಲೆಯಲ್ಲಿ ಸಣ್ಣಗೆ ನಿಲ್ಲಿಸಿ, ಮರವನ್ನು ಪುಟದ ಉದ್ದಕ್ಕೂ ಏರಿಸಿ, ಅಳಿಲಿನ ಬಾಲವನ್ನಷ್ಟೇ ಮೇಲಿನಿಂದ ಇಳಿಬಿಡಿ. ಕೆಲವು ಪುಟಗಳನ್ನು ಅಳಿಲಿನ ಕಣ್ಣಿನಿಂದ, ಕೊಂಬೆಯ ಮೇಲಿನಿಂದ ಬರೆಯಿರಿ. ಆಗ ಕೊಪ್ಪೆ ಹಾಕಿದ ಹುಡುಗಿ ಒಂದು ತ್ರಿಕೋನವಾಗಿ ಕಾಣುತ್ತಾಳೆ. ಬರೆಯಲು ಅಷ್ಟು ಸುಲಭದ, ಗುರುತಿಗೆ ಅಷ್ಟು ಗಟ್ಟಿಯಾದ ಆಕಾರ ಪುಕ್ಕಟೆಯಾಗಿ ಸಿಕ್ಕಿದೆ.

ಈಗ ಹಸಿರು. ನಿಮ್ಮ ಹಸಿರು ಮಂಕಾಗಲು ಎರಡು ಕಾರಣಗಳಿವೆ, ಹೆಚ್ಚಿನವರು ಒಂದನ್ನೇ ಹೇಳುತ್ತಾರೆ.

ಒಂದು ಇಂಕಿನದು. ತೆರೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ. ಅಚ್ಚಿನ ಯಂತ್ರದಲ್ಲಿರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು. ಸಯಾನ್ ಮತ್ತು ಹಳದಿ ಸೇರಿ ಕೊಡಬಲ್ಲ ಹಸಿರಿಗೆ ಒಂದು ಮಿತಿ ಇದೆ. ತೆರೆಯ ಮೇಲೆ ಕಣ್ಣು ಕೋರೈಸುವ ಆ ಗಿಳಿಹಸಿರು ಮಿತಿಯ ಆಚೆಗಿನದು. ಅದನ್ನು ಯಾವ ಪ್ರೆಸ್ಸಿನವರೂ ಕೊಡಲಾರರು, ಅವರ ಮೇಲೆ ರೇಗಿ ಫಲವಿಲ್ಲ. ಪ್ರೆಸ್ಸಿನವರಿಂದ ಬಣ್ಣದ ಪ್ರೊಫೈಲ್ (ಅವರ ಇಂಕಿನ ಬಣ್ಣಗಳ ವಿವರವಿರುವ ಕಡತ) ಕೇಳಿ ಪಡೆದು, ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆಂದು ತೆರೆಯ ಮೇಲೇ ತೋರಿಸುವ, ಕ್ರಿಟಾದ ವ್ಯೂ ಮೆನುವಿನಲ್ಲಿರುವ ಸಾಫ್ಟ್ ಪ್ರೂಫಿಂಗ್ ಹಾಕಿಕೊಂಡೇ ಮೊದಲ ದಿನದಿಂದ ಬಣ್ಣ ಬಳಿಯಿರಿ. ಕೊನೆಗೆ ಪರಿವರ್ತಿಸಿ ಎದೆ ಒಡೆದುಕೊಳ್ಳುವ ಪ್ರಸಂಗ ಇರುವುದಿಲ್ಲ. ತೆರೆಯ ಪ್ರಖರತೆಯನ್ನೂ ಇಳಿಸಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ತೆರೆಯ ಬಿಳುಪು ಅದಕ್ಕಿಂತ ಹೆಚ್ಚು ಉರಿಯದಂತೆ ಇಟ್ಟುಕೊಳ್ಳಿ. ಅಚ್ಚಿನಲ್ಲಿ ಎಲ್ಲವೂ ಕಪ್ಪಾಗಿ ಬಂತು ಎನ್ನುವವರಲ್ಲಿ ಅರ್ಧದಷ್ಟು ಮಂದಿಯ ತೆರೆ ವಿಪರೀತ ಬೆಳಗುತ್ತಿರುತ್ತದೆ.

ಎರಡನೆಯದು ನಮ್ಮ ಕಣ್ಣಿನದು. ಮಲೆನಾಡು ಎಂದರೆ ಹಸಿರು ಎಂದು ಪ್ಯಾಲೆಟ್ಟಿನಿಂದ ಒಂದು ಹಸಿರನ್ನು ಎತ್ತಿಕೊಂಡು, ಬೆಳಕಿಗೆ ಅದಕ್ಕೆ ಬಿಳಿ, ನೆರಳಿಗೆ ಅದಕ್ಕೆ ಕಪ್ಪು ಸೇರಿಸುತ್ತೇವೆ. ಹಸಿರಿಗೆ ಕಪ್ಪು ಬೆರೆಸಿದರೆ ಬರುವುದೇ ಆ ಪಾಚಿಯ ಬಣ್ಣ. ತೋಟದೊಳಗೆ ಹೋಗಿ ನೋಡಿ. ಸಿಲ್ವರ್ ಓಕ್ ಎಲೆಗಳ ಮೂಲಕ ತೂರಿ ಬರುವ ಬಿಸಿಲಿಗೆ ಹಳದಿ ಛಾಯೆ ಇದೆ. ಅದೇ ಹೊತ್ತಿಗೆ ಮರದ ನೆರಳಿನಲ್ಲಿರುವ ಕಾಫಿ ಎಲೆ ಆಕಾಶವನ್ನು ಪ್ರತಿಫಲಿಸುತ್ತಿರುತ್ತದೆ. ಅರೇಬಿಕಾ ಎಲೆ ಮೆರುಗಿನದು, ಮಳೆಯಲ್ಲಂತೂ ಅದರ ಮೇಲಿನ ಹೊಳಪು ಹಸಿರೇ ಅಲ್ಲ, ಬೂದು ನೀಲಿ. ಹೊಳಪಿಗೆ ತಿಳಿಹಸಿರು ಹಚ್ಚಿದರೆ ಎಲೆ ಪ್ಲಾಸ್ಟಿಕ್ಕಿನದಾಗುತ್ತದೆ. ನೆಲದ ಹತ್ತಿರದ ನೆರಳಿನಲ್ಲಿ ಕೆಮ್ಮಣ್ಣು ಕೆಳಗಿನಿಂದ ಬಣ್ಣ ಹಾಯಿಸುತ್ತದೆ, ಅಲ್ಲಿ ನೇರಳೆಯೂ ಕಂದೂ ಇವೆ. ನೆರಳಿನ ಪದರವನ್ನು ಕೆಳಗಿನ ಬಣ್ಣವನ್ನು ಕಡುವಾಗಿಸುವ ಮಲ್ಟಿಪ್ಲೈ ಮೋಡಿನಲ್ಲಿ ಇಡುವವರು ಅದಕ್ಕೆ ಕಪ್ಪು ತುಂಬದೆ, ತಿಳಿ ನೇರಳೆಬೂದು ತುಂಬಿ ನೋಡಿ. ಪುಟ ಉಸಿರಾಡುತ್ತದೆ.

ಇದಕ್ಕೂ ಮೊದಲಿನ ಹೆಜ್ಜೆಯೊಂದಿದೆ. ಎಲ್ಲ ಪದರಗಳ ಮೇಲೆ ಪೂರ್ತಿ ಕಪ್ಪು ತುಂಬಿದ ಒಂದು ಪದರ ಇಟ್ಟು ಅದನ್ನು ಕಲರ್ ಮೋಡಿಗೆ ಬದಲಿಸಿ. ಚಿತ್ರ ಬಣ್ಣ ಕಳೆದುಕೊಂಡು ಬರಿಯ ಕಪ್ಪುಬಿಳುಪಾಗಿ ಕಾಣುತ್ತದೆ. ಆಗ ಹುಡುಗಿ ಕಾಣದೆ ಹೋದರೆ ಬಣ್ಣ ಹಚ್ಚಿದ ಮೇಲೂ ಅವಳು ಕಾಣುವುದಿಲ್ಲ. ಹತ್ತಿರದ ಎಲೆ ಕಡು, ನಡುವಿನ ಗಿಡ ಮಧ್ಯಮ, ಹಿಂದಿನ ಗಿರಿ ತೆಳು ಎಂದು ಮೂರೇ ಮೆಟ್ಟಿಲು ಇಟ್ಟುಕೊಳ್ಳಿ. ಮಂಜು ಬಿದ್ದ ದಿನ ಮುಳ್ಳಯ್ಯನಗಿರಿಯ ಕಡೆ ನೋಡಿ, ಪ್ರಕೃತಿಯೇ ಆ ಮೂರು ಮೆಟ್ಟಿಲುಗಳನ್ನು ಬಿಡಿಸಿಟ್ಟಿರುತ್ತದೆ: ದೂರದ್ದು ನೀಲಿಗೂ ಬಿಳುಪಿಗೂ ಸರಿಯುತ್ತ ಹೋಗುತ್ತದೆ, ಹತ್ತಿರದ ರೆಂಬೆ ಮಾತ್ರ ಕಡುವಾಗಿ ಉಳಿಯುತ್ತದೆ.

ಕೊಪ್ಪೆಗೆ ಯಾವ ಬಣ್ಣ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳದಿ ಬೇಡ, ಬಿಸಿಲು ಬಿದ್ದ ಎಲೆಯೊಂದಿಗೆ ಕಲಸಿಹೋಗುತ್ತದೆ. ಕೆಂಪನ್ನು ಅಳಿಲಿಗೆ ಬಿಡಿ. ಮಾಸಿದ ನೀಲಿ ಹಾಕಿ, ತೋಟದಲ್ಲಿ ನಿಜವಾಗಿ ಕಾಣುವುದೂ ಅದೇ ನೀಲಿ ಹಾಳೆ. ಮಳೆಗಾಲದ ಪುಟಗಳೆಲ್ಲ ನೀಲಿ ಮತ್ತು ಬೂದುಹಸಿರು, ಅವುಗಳಲ್ಲಿ ಕೆಂಪು ಎಂದರೆ ಅಳಿಲೊಂದೇ. ಕೊಯ್ಲಿನ ಪುಟಗಳಿಗೆ ಬಂದಾಗ ಹಣ್ಣಿನ ಕೆಂಪು ಎಲ್ಲೆಡೆ ಹರಡಿಕೊಳ್ಳಲಿ. ಅಳಿಲು ಎಲ್ಲಿದೆ ಎಂದು ಮಗು ಆಗ ಹುಡುಕಬೇಕಾಗುತ್ತದೆ. ಕಥೆಗಾರರು ಬರೆಯದ ಒಂದು ಆಟ ಚಿತ್ರದಲ್ಲಿ ತಾನಾಗಿ ಬಂತು.

ನೀರುಬಣ್ಣ, ಸಕಲೇಶಪುರ

ಇಷ್ಟೆಲ್ಲ ಮೆನು, ಪದರ, ಮೋಡು! ಒಂದು ಕಾಗದ, ಒಂದು ಡಬ್ಬಿ ಬಣ್ಣ ಸಾಕಿತ್ತು ಒಂದು ಕಾಲದಲ್ಲಿ. ಡಿಜಿಟಲ್ ಚಿತ್ರಗಳೆಲ್ಲ ಒಂದೇ ಕೈಯಿಂದ ಬಂದಂತೆ ಕಾಣುತ್ತವೆ ಎಂಬುದು ನನ್ನ ದೂರು.

ಗಿರಿತಪ್ಪಲಿನ ಕುಂಚ, ಚಿಕ್ಕಮಗಳೂರು

ದೂರು ಅರ್ಧ ನಿಜ. ಎಲ್ಲರೂ ಒಂದೇ ಬ್ರಷ್ ಕಂತೆ ಇಳಿಸಿಕೊಂಡರೆ ಒಂದೇ ಕೈಯಂತೆ ಕಾಣದೆ ಇನ್ನೇನು? ನಾನು ಮೂರು ಬ್ರಷ್‌ಗಳ ಆಚೆ ಹೋಗುವುದಿಲ್ಲ: ಒಂದು ಪೆನ್ಸಿಲ್, ಒಂದು ಚಪ್ಪಟೆ ಕುಂಚ, ಒಂದು ಒರಟು ಅಂಚಿನದು. ಪೆನ್ನಿನ ಒತ್ತಡದ ವಕ್ರರೇಖೆಯನ್ನು ನಿಮ್ಮ ಕೈಗೆ ಹೊಂದಿಸಿಕೊಳ್ಳುವುದು ನೂರು ಹೊಸ ಬ್ರಷ್‌ಗಳಿಗಿಂತ ಮೇಲು. ಆದರೆ ಸರ್, ಜೂನ್ ಕಳೆದ ಮೇಲೆ ಸಕಲೇಶಪುರದಲ್ಲಿ ನೀರುಬಣ್ಣ ಒಣಗಲು ಎಷ್ಟು ಹೊತ್ತು ಬೇಕು, ಕಪಾಟಿನಲ್ಲಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯಲು ಎಷ್ಟು ದಿನ ಸಾಕು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ನಾನು ಡಿಜಿಟಲ್‌ಗೆ ಬರಲು ದೊಡ್ಡ ಸಿದ್ಧಾಂತವೇನೂ ಇರಲಿಲ್ಲ, ಮಳೆಗಾಲ ಇತ್ತು. ಬೇಸಿಗೆಯಲ್ಲಿ ನೀರುಬಣ್ಣದ ಕಲೆಗಳನ್ನು ಕಾಗದದ ಮೇಲೆ ಹರಿಯಬಿಟ್ಟು ಸ್ಕ್ಯಾನ್ ಮಾಡಿಟ್ಟುಕೊಳ್ಳುತ್ತೇನೆ. ವರ್ಷವಿಡೀ ಮಂಜಿಗೂ ಮೋಡಕ್ಕೂ ಅವೇ.

ಅಚ್ಚುಮೊಳೆ, ಹಾಸನ

ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು ನಾನು. ಮೇಡಂ ಹೇಳಿದ್ದಕ್ಕೆ ನಮ್ಮ ಕಡೆಯಿಂದ ಕೆಲವು ಮಾತು.

ಕಾಗದ ಯಾವುದೆಂದು ಮೊದಲು ಕೇಳಿ. ನುಣುಪು ಲೇಪನದ ಆರ್ಟ್ ಪೇಪರಾದರೆ ಇಂಕು ಮೇಲೆ ನಿಲ್ಲುತ್ತದೆ. ಲೇಪನವಿಲ್ಲದ ಮ್ಯಾಪ್‌ಲಿಥೋ ಆದರೆ ಹೀರಿಕೊಳ್ಳುತ್ತದೆ, ಇಂಕಿನ ಚುಕ್ಕೆ ಹಿಗ್ಗುತ್ತದೆ, ನೆರಳುಗಳು ಮುಚ್ಚಿಹೋಗುತ್ತವೆ. ಆ ಕಾಗದಕ್ಕೆ ಕಡುಬಣ್ಣಗಳನ್ನು ಒಂದು ಮೆಟ್ಟಿಲು ತಿಳಿಗೊಳಿಸಿಯೇ ಕೊಡಬೇಕು. ಒಂದೊಂದು ಇಂಕಿಗೆ 100ರಂತೆ ಎಣಿಸಿದರೆ ನಾಲ್ಕೂ ಇಂಕು ಸೇರಿ ಒಟ್ಟು ಶೇಕಡಾ 300 ದಾಟಬಾರದು, ಮ್ಯಾಪ್‌ಲಿಥೋಗೆ ಇನ್ನೂ ಕಡಿಮೆ. ದಾಟಿದರೆ ಒಣಗುವುದಿಲ್ಲ, ಒಂದು ಹಾಳೆಯ ಇಂಕು ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಮಂಜು ಬರೆಯುವವರು ಇನ್ನೊಂದು ತುದಿಯನ್ನೂ ನೋಡಿಕೊಳ್ಳಿ. ಶೇಕಡಾ 3ಕ್ಕಿಂತ ತೆಳುವಾದ ಛಾಯೆ ಅಚ್ಚಿನಲ್ಲಿ ಉಳಿಯುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ತೆರೆಯ ಮೇಲೆ ಮಂಜು, ಕಾಗದದ ಮೇಲೆ ಖಾಲಿ.

ಸೆಂಟರ್ ಪಿನ್ ಪುಸ್ತಕದಲ್ಲಿ ಒಳಗೆ ನಿಜವಾಗಿ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಅಚ್ಚಾಗುವ ಜೋಡಿಪುಟ ನಟ್ಟನಡುವಿನದೊಂದೇ, ನಿಮ್ಮ ಲೆಕ್ಕದಲ್ಲಿ 12-13. ಉಳಿದ ಕಡೆ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದರದು. ಮಡಿಸಿ ಪಿನ್ ಹೊಡೆದಾಗ ಒಂದು ಮಿಲಿಮೀಟರ್ ಅತ್ತಿತ್ತ ಆಗುವುದು ಸಹಜ. ಮಡಿಕೆಯ ಮೇಲೆ ಹುಡುಗಿಯ ಮುಖ ಇಟ್ಟರೆ ಮೂಗು ಎರಡಾಗುತ್ತದೆ. ಓರೆಯಾಗಿ ಹಾಯುವ ತೆಳು ಕೊಂಬೆಯೂ ಬೇಡ, ಮುರಿದಂತೆ ಕಾಣುತ್ತದೆ. ಆಕಾಶ, ಮಂಜು, ಎಲೆಗಳ ರಾಶಿ ಆಗಬಹುದು.

ಅಕ್ಷರಗಳನ್ನು ಚಿತ್ರದೊಳಗೆ ಬರೆಯಬೇಡಿ. ಒಂದೊಂದು ಇಂಕಿಗೂ ಒಂದೊಂದು ಅಚ್ಚಿನ ಪ್ಲೇಟು ಇರುತ್ತದೆ, ಅಕ್ಷರ ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಬೇಕು. ನಾಳೆ ಪ್ರಕಾಶಕರು ತೆಲುಗಿನಲ್ಲೋ ತುಳುವಿನಲ್ಲೋ ತರಬೇಕೆಂದರೆ ಆ ಒಂದು ಪ್ಲೇಟು ಬದಲಿಸಿದರೆ ಸಾಕು. ನೀವು ಚಿತ್ರದೊಳಗಿನ ಅಂಗಡಿಯ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆದುಬಿಟ್ಟರೆ ನಾಲ್ಕೂ ಬದಲಿಸಬೇಕು. ಕನ್ನಡಕ್ಕೆ ಜಾಗವನ್ನೂ ಧಾರಾಳವಾಗಿ ಬಿಡಿ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು, ಮಕ್ಕಳ ಪುಸ್ತಕದಲ್ಲಿ ಅಕ್ಷರವೂ ದೊಡ್ಡದು. ಅದರ ಹಿಂದೆ ಎಲೆಗಳ ಗಲಾಟೆ ಇರಬಾರದು.

ಹೊಸಲೈನ್ ರಸ್ತೆ, ಹಾಸನ

12-13ರ ವಿಷಯ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಹುಡುಗಿಯೂ ಅಳಿಲೂ ಮುಖಾಮುಖಿಯಾಗುವ ಪುಟವನ್ನು ಅಲ್ಲಿಗೇ ತರುತ್ತೇನೆ.

ಗಿರಿತಪ್ಪಲಿನ ಕುಂಚ, ಚಿಕ್ಕಮಗಳೂರು

ತರಬೇಡಿ, ಅಥವಾ ಪುಟ ತಿರುಗಿಸುವ ಲೆಕ್ಕ ಹಾಕಿದ ಮೇಲೆ ತನ್ನಿ. 24 ಪುಟ ಎಂದರೆ ಒಂಟಿಪುಟಗಳು ಎರಡು, 1 ಮತ್ತು 24. ನಡುವೆ 11 ಜೋಡಿಪುಟಗಳು. ಬಲಪುಟದ ಕೊನೆಯಲ್ಲಿ ಮಗುವಿನ ಬೆರಳು ಕಾಯುತ್ತಿರುತ್ತದೆ. ಅಚ್ಚರಿ ಇರಬೇಕಾದ್ದು ಆ ಬೆರಳು ತಿರುಗಿಸಿದ ಮೇಲೆ. 10-11ರಲ್ಲಿ ಕೊಂಬೆ ಅಲುಗಿ, ಏನೋ ಬಿದ್ದ ಸದ್ದು ಬಂದು, ಹುಡುಗಿ ತಲೆ ಎತ್ತಿರಬೇಕು. ಅಷ್ಟು ಸಿದ್ಧತೆ ಕಥೆಯಲ್ಲಿ ಆ ಹೊತ್ತಿಗೆ ಬಂದಿದ್ದರೆ 12-13 ನಿಮ್ಮದು. ಎ4 ಹಾಳೆಗಳನ್ನು ಮಡಿಸಿ, ಪಿನ್ ಹೊಡೆದು, ಬೆಂಕಿಪೆಟ್ಟಿಗೆ ಗಾತ್ರದ ಕರಡುಗಳನ್ನು ಅಂಟಿಸಿದ ಒಂದು ಡಮ್ಮಿ ಪುಸ್ತಕ ಮಾಡಿಕೊಳ್ಳಿ. ತೆರೆಯ ಮೇಲೆ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಇದು ತಿಳಿಯುವುದೇ ಇಲ್ಲ.

ದಿಕ್ಕಿನ ಬಗ್ಗೆಯೂ ಒಂದು ಮಾತು. ನೀವು ಹಾಸನದವರು, ಹಳೇಬೀಡು ಹತ್ತಿರವೇ ಇದೆ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳನ್ನು ಒಮ್ಮೆ ಚಿತ್ರಕಥೆ ನೋಡುವ ಕಣ್ಣಿನಿಂದ ನೋಡಿಬನ್ನಿ. ಕೆಳಗೆ ಆನೆಗಳ ಸಾಲು, ಮೇಲೆ ಕುದುರೆ, ಬಳ್ಳಿ, ರಾಮಾಯಣ ಮಹಾಭಾರತದ ಪ್ರಸಂಗಗಳು. ಅಷ್ಟು ಕಿಕ್ಕಿರಿದ ಗೋಡೆಯಲ್ಲೂ ಒಂದು ಆಕೃತಿ ಇನ್ನೊಂದರಿಂದ ಬೇರೆಯಾಗಿ ಕಾಣುತ್ತದೆ, ಏಕೆಂದರೆ ಶಿಲ್ಪಿಗೆ ಬಣ್ಣವಿಲ್ಲ, ನೆರಳೇ ಗತಿ. ನಾನು ಮೇಲೆ ಹೇಳಿದ ಕಪ್ಪುಬಿಳುಪಿನ ಪರೀಕ್ಷೆ ಅಲ್ಲಿ ಕಲ್ಲಿನಲ್ಲಿ ಪಾಸಾಗಿ ನಿಂತಿದೆ. ಒಂದು ವ್ಯತ್ಯಾಸ ಗಮನಿಸಿ. ಪ್ರದಕ್ಷಿಣೆ ಹೋಗುವವರ ಬಲಗೈಗೆ ಗೋಡೆ. ಗೋಡೆಯತ್ತ ತಿರುಗಿ ನಿಂತರೆ ನಾವು ಸಾಗುವುದು ಎಡಕ್ಕೆ. ಪುಸ್ತಕದಲ್ಲಿ ಕಣ್ಣು ಬಲಕ್ಕೆ ಸಾಗುತ್ತದೆ. ಆದ್ದರಿಂದ ಹುಡುಗಿ ಹೊರಟಿದ್ದಾಳೆ ಎನ್ನುವಾಗ ಬಲಕ್ಕೆ ಮುಖ ಮಾಡಿರಲಿ, ಮನೆಗೆ ಮರಳುವಾಗಲೋ ಅಡ್ಡಿ ಎದುರಾದಾಗಲೋ ಎಡಕ್ಕೆ. ಓದಲು ಬಾರದ ಮಗುವಿಗೂ ಇದು ಮುಟ್ಟುತ್ತದೆ.

ಆಲೂರು ಮೇಷ್ಟ್ರು

ನಲಿಕಲಿ ತರಗತಿಯಲ್ಲಿ ಪಾಠ ಮಾಡುವವನ ಮಾತನ್ನೂ ಸೇರಿಸಿಕೊಳ್ಳಿ. ಮನೆಯಲ್ಲಿ ಮಗು ಗೇಣು ದೂರದಿಂದ ನೋಡುತ್ತದೆ ನಿಜ. ಶಾಲೆಯಲ್ಲಿ ಒಂದೇ ಪ್ರತಿ ಇರುತ್ತದೆ, ನಾನು ಅದನ್ನು ಎದೆಯ ಮುಂದೆ ಹಿಡಿದು ಓದುತ್ತೇನೆ, ಮಕ್ಕಳು ನೆಲದ ಮೇಲೆ ಸುತ್ತ ಕುಳಿತಿರುತ್ತಾರೆ. ಹಿಂದಿನ ಸಾಲಿನವನಿಗೆ ಹುಡುಗಿಗೆ ಭಯವೋ ಸಂತೋಷವೋ ಎಂಬುದು ಹುಬ್ಬಿನಿಂದ ಗೊತ್ತಾಗುವುದಿಲ್ಲ, ಭುಜದಿಂದ, ಕೈಯಿಂದ ಗೊತ್ತಾಗಬೇಕು. ಆದರೆ ಪ್ರತಿ ಪುಟದಲ್ಲೂ ಒಂದು ಇರುವೆಯನ್ನೋ ಬಸವನಹುಳುವನ್ನೋ ಅಡಗಿಸಿಡಿ. ಪುಸ್ತಕ ಕೈಗೆ ಸಿಕ್ಕ ಮೇಲೆ ಜಗಳವಾಡಿ ಹುಡುಕುತ್ತಾರೆ.

ಇನ್ನೊಂದು. ಲೈನ್ ಮನೆಯ ಹುಡುಗಿ ಎಂದು ಅವಳಿಗೆ ಹರಿದ ಲಂಗ, ಕೆದರಿದ ಕೂದಲು ಬರೆಯಬೇಡಿ. ನನ್ನ ತರಗತಿಗೆ ಆ ಮನೆಗಳಿಂದ ಬರುವ ಮಕ್ಕಳು ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡೇ ಬರುತ್ತಾರೆ.

ದಿನಕ್ಕೊಂದು ಚಿತ್ರ, ಬೆಂಗಳೂರು

ಎಲ್ಲವೂ ಸರಿ, ಆದರೆ ಈಗ ಎಐಗೆ ಹೇಳಿದರೆ ನಿಮಿಷದಲ್ಲಿ ಚಿತ್ರ ಬರುತ್ತದೆ. ಇಷ್ಟು ಒದ್ದಾಟ ಏಕೆ?

ಗಿರಿತಪ್ಪಲಿನ ಕುಂಚ, ಚಿಕ್ಕಮಗಳೂರು

ಬರಲಿ. ಅದೇ ಹುಡುಗಿ, ಅದೇ ಎರಡು ಜಡೆ, ಅದೇ ಎಡಮೊಣಕಾಲಿನ ಗಾಯ, 11 ಜೋಡಿಪುಟಗಳಲ್ಲೂ ಬರಲಿ. ಜೂನ್ ಪುಟದಲ್ಲಿ ಕಾಫಿ ಕಾಯಿ ಹಸಿರಾಗಿಯೇ ಇರಲಿ. ಆಮೇಲೆ ಮೂಡಿಗೆರೆಯವರಿಗೆ ತೋರಿಸೋಣ.

ಹಣದ ಪ್ರಶ್ನೆಗೆ ಬರುತ್ತೇನೆ, ಇದಕ್ಕೆ ಯಾರೂ ಉತ್ತರಿಸಿಲ್ಲ. ಪುಟಕ್ಕೆ ಇಷ್ಟು ಎಂಬ ಅಂಕಿಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅದೇ ಗರಿಷ್ಠ ದರವಾಗಿಬಿಡುತ್ತದೆ. ನಿಮ್ಮ ಫ್ಲೆಕ್ಸ್ ಅಂಗಡಿಯ ದಿನದ ಸಂಬಳ ಎಷ್ಟು, ಒಂದು ಜೋಡಿಪುಟಕ್ಕೆ ಕರಡಿನಿಂದ ತಿದ್ದುಪಡಿಯವರೆಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಒಂದು ಪುಟ ಬರೆದು ನೋಡಿ ಲೆಕ್ಕ ಹಾಕಿ. ಅದಕ್ಕಿಂತ ಕಡಿಮೆಗೆ ಒಪ್ಪಿದರೆ ನೀವು ಪ್ರಕಾಶಕರಿಗೆ ದೇಣಿಗೆ ಕೊಡುತ್ತಿದ್ದೀರಿ ಎಂದು ಅರ್ಥ. ಹಣವನ್ನು ಮೂರು ಕಂತುಗಳಲ್ಲಿ ಕೇಳಿ: ಕೆಲಸ ಹಿಡಿಯುವಾಗ ಒಂದು, ಪೆನ್ಸಿಲ್ ಕರಡು ಒಪ್ಪಿದಾಗ ಒಂದು, ಅಂತಿಮ ಕಡತ ಕೊಡುವಾಗ ಒಂದು. ಪುಸ್ತಕ ಅಚ್ಚಾದ ಮೇಲೆ ಕೊಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ಅಚ್ಚಾಗುವುದು ನಿಮ್ಮ ಕೈಯಲ್ಲಿಲ್ಲ. ಕರಡಿನ ಹಂತದಲ್ಲಿ ಎರಡು ಸುತ್ತು ತಿದ್ದುಪಡಿ, ಬಣ್ಣದ ಹಂತದಲ್ಲಿ ಒಂದು, ಅದರಾಚೆಗೆ ಪ್ರತ್ಯೇಕ ಶುಲ್ಕ ಎಂದು ಬರೆಯಿಸಿಕೊಳ್ಳಿ. ಪ್ರಕಾಶಕರು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದುಕೊಂಡರೆ ಗಾಬರಿ ಬೇಡ. ನಿಮ್ಮ ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು.

ಇದಕ್ಕಿಂತ ಮುಖ್ಯ, ಹಕ್ಕು. ಹಣ ಕೊಟ್ಟು ಬರೆಯಿಸಿದ ಪೇಂಟಿಂಗ್‌ಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಯಿಸಿದವರೇ ಕೃತಿಸ್ವಾಮ್ಯದ ಮೊದಲ ಒಡೆಯರು ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮು ಹೇಳುತ್ತದೆ. ಬಾಯಿಮಾತಿನ ಕೆಲಸದಲ್ಲಿ ಸೋಲುವುದು ಇಲ್ಲೇ. ಕೃತಿಸ್ವಾಮ್ಯ ಕಲಾವಿದೆಯದು, ಪ್ರಕಾಶಕರಿಗೆ ಇಂತಿಷ್ಟು ಭಾಷೆ, ಇಂತಿಷ್ಟು ವರ್ಷ, ಮುದ್ರಿತ ಪುಸ್ತಕಕ್ಕೆ ಮಾತ್ರ ಎಂದು ಬರೆಯಿಸಿ ಸಹಿ ಹಾಕಿಸಿ. ಹಕ್ಕನ್ನು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ 19ನೆಯ ಕಲಮಿನ ಪ್ರಕಾರ ಲೆಕ್ಕ. ನನ್ನ ಪುಸ್ತಕವೊಂದರ ಆನೆ ಮುಂದಿನ ವರ್ಷ ಒಂದು ಕ್ಯಾಲೆಂಡರಿನಲ್ಲಿ ತಿರುಗಾಡುತ್ತಿತ್ತು. ಪ್ರಕಾಶಕರು ಯಾರೆಂದು ಹೇಳುವುದಿಲ್ಲ. ಒಪ್ಪಂದದಲ್ಲಿ ‘ಮುದ್ರಿತ ಪುಸ್ತಕಕ್ಕೆ ಮಾತ್ರ’ ಎಂಬ ಮೂರು ಪದಗಳಿದ್ದುದರಿಂದ ಆನೆಗೆ ಕೂಲಿ ಬಂತು.

ಹೆಸರನ್ನೂ ಬಿಡಬೇಡಿ. ಹಕ್ಕನ್ನೆಲ್ಲ ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಕಲಮು ಉಳಿಸುತ್ತದೆ. ರಕ್ಷಾಪುಟದ ಮೇಲೆ ಕಥೆಗಾರರ ಹೆಸರಿನ ಜೊತೆಗೆ ನಿಮ್ಮದೂ ಇರಲಿ. ಸಂಕೋಚವಾದರೆ ಬೇಲೂರಿಗೆ ಹೋಗಿ ಮದನಿಕೆಗಳ ಕೆಳಗೆ ಓದಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಒಳಪುಟದ ಕೆಳಗೆ ಸೊಳ್ಳೆಯಂಥ ಅಕ್ಷರದಲ್ಲಿ ‘ಚಿತ್ರಗಳು’ ಎಂದು ಹಾಕುವವರಿಗೆ ಇದನ್ನು ತೋರಿಸಬೇಕು.

ನೀರುಬಣ್ಣ, ಸಕಲೇಶಪುರ

ಆರಂಭಿಸುವವರು ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಂಥ ಕಡೆ ಚಿತ್ರ ಕೊಟ್ಟು ಹೆಸರು ಮಾಡಬಹುದಲ್ಲವೇ? ನನ್ನ ಮೊಮ್ಮಗಳು ಅಲ್ಲಿ ಕನ್ನಡ ಕಥೆಗಳನ್ನು ಓದುತ್ತಾಳೆ.

ಗಿರಿತಪ್ಪಲಿನ ಕುಂಚ, ಚಿಕ್ಕಮಗಳೂರು

ಓದಲು, ಕಲಿಯಲು ಚಿನ್ನದಂಥ ಜಾಗ. ಪ್ರಥಮ್ ಬುಕ್ಸ್ ಅದನ್ನು 2015ರಲ್ಲಿ ಶುರು ಮಾಡಿತು, ಒಂದೇ ಕಥೆಯನ್ನು ಬೇರೆ ಬೇರೆ ಭಾಷೆಗಳಲ್ಲಿ ಇಟ್ಟು ಚಿತ್ರ ಮತ್ತು ಅಕ್ಷರ ಹೇಗೆ ಹೊಂದಿಕೊಂಡಿವೆ ಎಂದು ನೋಡಬಹುದು. ಆದರೆ ಅಲ್ಲಿನ ಮುಕ್ತ ಪರವಾನಗಿಯ ಅರ್ಥ ತಿಳಿದು ಕೊಡಬೇಕು. ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಚಿತ್ರವನ್ನು ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ಒಪ್ಪಿ ಕೊಟ್ಟರೆ ಒಳ್ಳೆಯದೇ, ಆಮೇಲೆ ಕೊರಗಬಾರದು.

ಬೆಂಗಳೂರಿನ ಪ್ರಶ್ನೆ ಉಳಿದಿತ್ತು. ಬೇಡ. ಸಂಪಾದಕರೊಂದಿಗಿನ ಮಾತೆಲ್ಲ ಮಿಂಚಂಚೆಯಲ್ಲಿ ಮುಗಿಯುತ್ತದೆ, ಬಾಡಿಗೆ ಉಳಿಯುತ್ತದೆ. ಕಷ್ಟ ಬೇರೆ ಥರದ್ದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮತ್ತೆ ಕರೆಂಟು ಯಾವಾಗ ಎಂದು ಹೇಳುವವರಿಲ್ಲ, ಆದ್ದರಿಂದ ಗಡುವನ್ನು ಜುಲೈ, ಆಗಸ್ಟ್‌ಗೆ ಇಟ್ಟುಕೊಳ್ಳಬೇಡಿ. ಯುಪಿಎಸ್ ಇಲ್ಲದೆ ಕೆಲಸಕ್ಕೆ ಕೂರಬೇಡಿ, ಕಡತಗಳು ಎರಡು ಕಡೆ ಇರಲಿ. ಎರಡು ಪುಸ್ತಕಗಳ ನಡುವೆ ಖಾಲಿ ತಿಂಗಳುಗಳು ಬರುತ್ತವೆ. ನಾನು ಆಗ ಹೋಂಸ್ಟೇಗಳಿಗೆ ನಕ್ಷೆ ಬರೆದುಕೊಡುತ್ತೇನೆ, ಮದುವೆ ಕಾಗದವನ್ನೂ ಬರೆದಿದ್ದೇನೆ, ಅವಮಾನವೇನಿಲ್ಲ. ನೀವೂ ಅಂಗಡಿಯ ಕೆಲಸವನ್ನು ಈಗಲೇ ಬಿಡಬೇಡಿ. ಬಂಧುಗಳು ಮನೆಯಲ್ಲಿ ಕುಳಿತು ಏನು ಮಾಡುತ್ತೀಯ ಎಂದು ಕೇಳುವುದು ಎಷ್ಟು ಪುಸ್ತಕ ಬಂದರೂ ನಿಲ್ಲುವುದಿಲ್ಲ, ಅದಕ್ಕೆ ಸಾಫ್ಟ್‌ವೇರ್ ಇಲ್ಲ.

ಹೊಸಲೈನ್ ರಸ್ತೆ, ಹಾಸನ

ಎಲ್ಲರಿಗೂ ಕೃತಜ್ಞತೆಗಳು. ಡಮ್ಮಿ ಮಾಡಲು ಕುಳಿತಿದ್ದೇನೆ. ಮುಖಾಮುಖಿ ನಿಜವಾಗಿ ಬರಬೇಕಾದ್ದು 14-15ರಲ್ಲಿ, 12-13ರಲ್ಲಿ ಇಡೀ ತೋಟದ ಮೇಲೆ ಮಳೆ ಸುರಿಯುವ ಒಂದೇ ಚಿತ್ರ ಇಡುತ್ತೇನೆ. ಮುಖಾಮುಖಿಯಲ್ಲಿ ಹುಡುಗಿ ಎಡಪುಟ, ಅಳಿಲು ಬಲಪುಟ, ಮಡಿಕೆಯಲ್ಲಿ ಬರಿಯ ಮಂಜು. ಸರಿಯೇ ಅಕ್ಕ? ಅಚ್ಚುಮೊಳೆ ಸರ್, ಪ್ರಕಾಶಕರ ಪ್ರೆಸ್ಸು ಹಾಸನದ್ದೇ ಅಂತೆ. ಕಡತ ಹೇಗೆ ಕೊಡಬೇಕು?

ಗಿರಿತಪ್ಪಲಿನ ಕುಂಚ, ಚಿಕ್ಕಮಗಳೂರು

ಸರಿ. ಅಳಿಲು ಸ್ವಲ್ಪ ಮೇಲಿರಲಿ, ಇಬ್ಬರ ಕಣ್ಣುಗಳ ನಡುವಿನ ಗೆರೆ ಓರೆಯಾಗಲಿ. ಸಮಕ್ಕೆ ನಿಲ್ಲಿಸಿದರೆ ಫೋಟೊ ತೆಗೆಸಿಕೊಳ್ಳಲು ನಿಂತಂತೆ ಕಾಣುತ್ತಾರೆ.

ಅಚ್ಚುಮೊಳೆ, ಹಾಸನ

ಮಂಜು ಶೇಕಡಾ 3ಕ್ಕಿಂತ ಮೇಲಿರಲಿ, ಮರೆಯಬೇಡಿ. ಚಿತ್ರಗಳನ್ನು ಟಿಫ್ ಆಗಿ ಕೊಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಡಿ, ಅದು ಚಿತ್ರವನ್ನು ಹಿಂಡಿ ಬಿಡುತ್ತದೆ. ಪುಟ ಕಟ್ಟುವವರಿಗೆ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಳ್ಳಲು ಹೇಳಿ, ಇಲ್ಲದಿದ್ದರೆ ಒತ್ತಕ್ಷರಗಳು ಕಿತ್ತುಬರುತ್ತವೆ. ಬ್ಲೀಡ್ ಸೇರಿದ ಪಿಡಿಎಫ್ ಅವರೇ ಕೊಡುತ್ತಾರೆ. ಪ್ಲೇಟಿಗೆ ಹೋಗುವ ಮೊದಲು ಪ್ರಕಾಶಕರಿಗೆ ಹೇಳಿ ಒಮ್ಮೆ ಪ್ರೂಫ್ ನೋಡಲು ಬನ್ನಿ. ಬರುವಾಗ ಪೆನ್‌ಡ್ರೈವ್ ಬೇರೆಯದು ತನ್ನಿ, ಫ್ಲೆಕ್ಸ್ ಅಂಗಡಿಯದು ಬೇಡ. ಹಾಸನದ ವೈರಸ್ಸುಗಳೆಲ್ಲ ಅದರಲ್ಲೇ ಇರುತ್ತವೆ.